ನುಂಗಿದ ‘ಅಲ್ಲ’

ನಮ್ಮೂರಿನ ಚೌಕದಲ್ಲಿ ಹಗಲು ಹೊತ್ತು ಗಟ್ಟಿಯಾಗಿ ಆಡಿದ ಮಾತನ್ನು ದೀಪ ಹಚ್ಚುವ ಹೊತ್ತಿಗೆ ಗುಡ್ಡ ತಿರುಗಿ ಹೇಳುತ್ತದೆ. ಆಡಿದವರ ದನಿಯಲ್ಲೇ ಹೇಳುತ್ತದೆ, ಊರಿಗೆಲ್ಲ ಕೇಳುವ ಹಾಗೆ ಹೇಳುತ್ತದೆ, ಮಾತಿನ ಕೊನೆಯನ್ನು ಮಾತ್ರ ನುಂಗಿಬಿಡುತ್ತದೆ. ‘ನಾಳೆ ನೀರು ಬರ್ತದಂತ’ ಎಂದು ಯಾರಾದರೂ ಅಂದಿದ್ದರೆ ಸಂಜೆಗೆ ಅದು ‘ನಾಳೆ ನೀರು ಬರ್ತದ’ ಎಂದಾಗಿರುತ್ತದೆ. ‘ಅವ ಹೊಲ ಮಾರ್ತಾನೇನು?’ ಎಂದು ಕೇಳಿದ್ದರೆ ‘ಅವ ಹೊಲ ಮಾರ್ತಾನ’ ಎಂದಾಗಿರುತ್ತದೆ. ನಮ್ಮ ಮಾತಿನಲ್ಲಿ ಅನುಮಾನ, ಪ್ರಶ್ನೆ, ಇಲ್ಲ, ಅಲ್ಲ ಎಲ್ಲವೂ ಹೋಗಿ ಕೂತಿರುವುದು ಕೊನೆಯಲ್ಲೇ ತಾನೆ.

ಇದರ ಜೊತೆ ಬಾಳುವುದು ನಮಗೇನೂ ಕಷ್ಟವಾಗಿರಲಿಲ್ಲ. ಮದುವೆಯ ಹೆಣ್ಣು ಗಂಡಿನ ಮಾತುಕತೆಯನ್ನು ಯಾರೂ ಚೌಕದಲ್ಲಿ ಎತ್ತುತ್ತಿರಲಿಲ್ಲ. ಎಮ್ಮೆ ಕೊಳ್ಳುವವರು ಬಸ್ ಸ್ಟ್ಯಾಂಡಿನ ಹಿಂದೆ ಹೋಗಿ ಪಿಸುಗುಟ್ಟುತ್ತಿದ್ದರು. ಬೇರೆ ಊರಿನಿಂದ ಬಂದ ಸೊಸೆಯಂದಿರಿಗೆ ಅತ್ತೆಯರು ಅಡುಗೆಗಿಂತ ಮೊದಲು ಕಲಿಸುತ್ತಿದ್ದದ್ದು ‘ಇಲ್ಲ’ವನ್ನು ಮುಂದೆ ಹಾಕಿ ಮಾತಾಡುವುದನ್ನು. ‘ಇಲ್ಲ, ನಾ ಬರೂದಿಲ್ಲ.’ ಹಿಂದಿನ ಇಲ್ಲ ಗುಡ್ಡಕ್ಕೆ, ಮುಂದಿನ ಇಲ್ಲ ಊರಿಗೆ. ಇಷ್ಟಾದರೂ ಬಾಯಿತಪ್ಪಿ ಬಂದ ಮಾತುಗಳು ಇದ್ದೇ ಇರುತ್ತಿದ್ದವು. ಅದಕ್ಕಾಗಿ ಸಂಜೆ ಎಲ್ಲರೂ ಜಗಲಿಗೆ ಬಂದು ಕೂತು, ಗುಡ್ಡ ಹೇಳಿದ್ದಕ್ಕೆ ತಾವೇ ಕೊನೆ ಸೇರಿಸುತ್ತಿದ್ದರು. ಗುಡ್ಡ ‘ನೀರು ಬರ್ತದ’ ಅಂದ ಕೂಡಲೇ ನಮ್ಮಜ್ಜಿ ‘ಅಂತ’ ಎನ್ನುತ್ತಿದ್ದಳು. ಇದಕ್ಕೆ ಬಾಲ ಹಚ್ಚುವುದು ಎಂದು ಹೆಸರು. ಯಾವ ಬಾಲ ಸರಿ ಎಂದು ಮನೆಮನೆಯಲ್ಲೂ ನಗುತ್ತಾ ಜಗಳ ನಡೆಯುತ್ತಿತ್ತು. ಮಾತಾಡಿದವರು ಎಂಥವರೆಂದು ಗೊತ್ತಿದ್ದರೆ ಬಾಲ ಸುಲಭವಾಗಿ ಸಿಗುತ್ತಿತ್ತು, ಮತ್ತು ನಮ್ಮೂರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಿದ್ದರು.

ನಾನು ಹೇಳಹೊರಟಿರುವುದು ನನ್ನ ಅಕ್ಕ ಚಂದ್ರವ್ವನ ವಿಷಯ. ಚೌಕದ ಮೂಲೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಮಿಷನ್ನಿನ ಮುಂದೆ ಕೂತರೆ ನೇರ ಎದುರಿಗೆ ಬೇವಿನ ಮರ, ಮರದ ಕೆಳಗೆ ಅಕ್ಕನ ಗಾಡಿ. ಅಕ್ಕನದು ಅನ್ನುವುದು ತಪ್ಪು. ಗಾಡಿ ಅಕ್ಕ ಮತ್ತು ಅವಳ ಗೆಳತಿ ರುದ್ರವ್ವ ಇಬ್ಬರದೂ ಆಗಿತ್ತು. ಅಕ್ಕ ಮಂಡಕ್ಕಿ ಒಗ್ಗರಣೆ ಹಾಕುತ್ತಿದ್ದಳು, ರುದ್ರವ್ವ ಮಿರ್ಚಿ ಕರಿಯುತ್ತಿದ್ದಳು. ಅಕ್ಕನಿಗೆ ದೊಡ್ಡ ದನಿ, ದೊಡ್ಡ ಮೈ, ಕೋಪವೂ ಹಾಗೇ, ಬಂದಷ್ಟೇ ಬೇಗ ಇಳಿಯುವಂಥದ್ದು. ರುದ್ರವ್ವ ಸಣ್ಣಗೆ ಒಣಕಲಾಗಿದ್ದಳು, ಮಾತು ಕಡಿಮೆ. ಒಬ್ಬಳ ಸೀರೆ ಇನ್ನೊಬ್ಬಳು ಉಡುತ್ತಿದ್ದಳು. ಕುಪ್ಪಸ ಮಾತ್ರ ಆಗುತ್ತಿರಲಿಲ್ಲ, ಅದು ನನಗೆ ಗೊತ್ತು, ಇಬ್ಬರದನ್ನೂ ಹೊಲಿಯುತ್ತಿದ್ದವನು ನಾನೇ.

ಅಕ್ಕನ ಗಂಡ ಮಲ್ಲೇಶಿ ಮಾವ ನೇಕಾರ. ರುದ್ರವ್ವನ ಗಂಡ ಸಿದ್ರಾಮ ಉಳ್ಳಾಗಡ್ಡಿ ಬೆಳೆಯುತ್ತಿದ್ದ. ನಮ್ಮೂರಿನ ಸಂತೆ ಮೊದಲಿನಿಂದ ಮಂಗಳವಾರ. ನೇಕಾರರಿಗೆ ಅದು ಸರಿಹೋಗುತ್ತಿತ್ತು, ಸೋಮವಾರ ಮಗ್ಗದಿಂದ ಇಳಿಸಿದ ಸೀರೆಯನ್ನು ಮರುದಿನವೇ ಮಾರಬಹುದಿತ್ತು. ಆಮೇಲೆ ಉಳ್ಳಾಗಡ್ಡಿ ಒಯ್ಯುವ ಲಾರಿ ಗುರುವಾರ ಬರತೊಡಗಿತು. ಮಂಗಳವಾರ ಕಿತ್ತು ತಂದ ಉಳ್ಳಾಗಡ್ಡಿ ಗುರುವಾರದ ತನಕ ಬಿಸಿಲಲ್ಲಿ ಬಿದ್ದು ಒಣಗಿ ತೂಕ ಕಳೆದುಕೊಳ್ಳುತ್ತಿತ್ತು. ಸಂತೆಯನ್ನು ಗುರುವಾರಕ್ಕೆ ಹಾಕಿದರೆ ಹೇಗೆ ಎಂದು ಬೆಳೆಗಾರರು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನೇಕಾರರು ಬೇಡ ಅಂದದ್ದರಲ್ಲೂ ತಪ್ಪಿರಲಿಲ್ಲ. ಎರಡೂ ಕಡೆಯವರು ಬೇವಿನ ಮರದ ಕೆಳಗೆ ಕೂತು, ಅಕ್ಕನ ಮಂಡಕ್ಕಿ, ರುದ್ರವ್ವನ ಮಿರ್ಚಿ ತಿನ್ನುತ್ತಾ ಮಾತಾಡಿದರು. ಸಿದ್ರಾಮನೇ ಎದ್ದು ನಿಂತು ಹೇಳಿದ, “ಮಂಗಳವಾರದ ಸಂತಿ ಬಂದ್ ಮಾಡಬೇಕು ಅಂತೇನಿಲ್ಲ.”

ಸಂಜೆ ಗುಡ್ಡ ಹೇಳಿತು: “ಮಂಗಳವಾರದ ಸಂತಿ ಬಂದ್ ಮಾಡಬೇಕು.”

ಅವತ್ತು ನಮ್ಮ ನೇಕಾರರ ಓಣಿಯಲ್ಲಿ ಜನ ಬಾಲ ಹಚ್ಚಿಕೊಂಡರು. ಸಿದ್ರಾಮ ಅಂಥವನಲ್ಲ ಎಂದು ನಕ್ಕರು. ಆದರೆ ನಗುವ ಮೊದಲು ಒಂದು ಗಳಿಗೆ ಎಲ್ಲರೂ ಸುಮ್ಮನಾಗಿದ್ದರು. ಆ ಸುಮ್ಮನಾದ ಗಳಿಗೆಯನ್ನು ಕೇಳಿಸಿಕೊಂಡವನು ತೋಟಪ್ಪ.

ತೋಟಪ್ಪ ಸಂತೆಯ ಹರಾಜಿನಲ್ಲಿ ಸವಾಲು ಕೂಗುತ್ತಿದ್ದವನು. ಚೀಲ ಮುಂದಿಟ್ಟು ಅವನು ದರ ಕೂಗಿದರೆ ಕೊಳ್ಳಲು ಬಂದಿರದವರೂ ನಿಂತು ನೋಡುತ್ತಿದ್ದರು. ಲಾರಿಯವರು ದರವನ್ನು ತಾವೇ ಹೇಳತೊಡಗಿದ ಮೇಲೆ ಅವನ ಗಂಟಲಿಗೆ ಕೆಲಸ ಇರಲಿಲ್ಲ. ನನ್ನ ಅಂಗಡಿಯ ಬಾಕಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. ಒಳ್ಳೆಯ ಮನುಷ್ಯನೇ. ಜನ ತನ್ನ ಕಡೆ ತಿರುಗಿ ನೋಡುವುದೊಂದು ಅವನಿಗೆ ಬೇಕಿತ್ತು, ಅದು ನಿಂತುಹೋಗಿತ್ತು. ಗುಡ್ಡ ಸಿದ್ರಾಮನ ಮಾತು ಹೇಳಿದ ಮರುದಿನ ಅವನು ಚೌಕದ ನಡುವಿನ ಕಲ್ಲಿನ ಮೇಲೆ ಹತ್ತಿ ನಿಂತ. ಗುಡ್ಡಕ್ಕೆ ಅಲ್ಲಿಂದ ಮಾತು ಚೆನ್ನಾಗಿ ಮುಟ್ಟುತ್ತದೆ ಎಂದು ಅವನಿಗೆ ಗೊತ್ತಿತ್ತು.

“ಬೆಳೆಗಾರರು ನೇಕಾರರ ಸಂತಿ ಕಸಗೋತಾರೇನು?” ಎಂದು ಕೂಗಿ ಕೇಳಿದ.

ಸಂಜೆ ಗುಡ್ಡ ಹೇಳಿತು: “ಬೆಳೆಗಾರರು ನೇಕಾರರ ಸಂತಿ ಕಸಗೋತಾರ.”

ಬೆಳೆಗಾರರು ಮರುದಿನ ಅವನನ್ನು ಹಿಡಿದು ಕೇಳಿದರು. ತೋಟಪ್ಪ ಕೈ ಮುಗಿದ. “ಯಪ್ಪಾ, ನಾ ಕೇಳಿದ್ದು ಅಷ್ಟ. ಕೇಳೂದೂ ತಪ್ಪೇನು? ಬೇಕಾದ್ರ ನಿಮ್ಮ ಪರವಾಗಿಯೂ ಕೇಳ್ತೀನಿ.” ಹಾಗೆಂದವನೇ ಮತ್ತೆ ಕಲ್ಲು ಹತ್ತಿ, “ನೇಕಾರರು ಲಾರಿಗೆ ಕಲ್ಲು ಹೊಡಿತಾರೇನು?” ಎಂದು ಕೂಗಿದ. ಲಾರಿಗೆ ಕಲ್ಲು ಹೊಡೆಯುವ ಯೋಚನೆ ಅಲ್ಲಿಯತನಕ ಯಾವ ನೇಕಾರನ ತಲೆಗೂ ಬಂದಿರಲಿಲ್ಲ. ಸಂಜೆಗೆ ಊರೆಲ್ಲ ಕೇಳಿತು, ಕಲ್ಲು ಹೊಡೆಯುತ್ತಾರೆ ಎಂದು. ಬೆಳೆಗಾರರು ಕೋಲು ಹಿಡಿದು ಲಾರಿಯ ಜೊತೆ ನಡೆಯತೊಡಗಿದರು. ಕೋಲು ಕಂಡ ಮೇಲೆ ನೇಕಾರರ ಹುಡುಗರಿಗೆ ಕಲ್ಲಿನ ನೆನಪಾಯಿತು.

ತೋಟಪ್ಪ ದಿನವೂ ಕೇಳಿದ. ಬೆಳಿಗ್ಗೆ ಒಂದು ಕಡೆಯವರ ಬಗ್ಗೆ, ಮಧ್ಯಾಹ್ನ ಇನ್ನೊಂದು ಕಡೆಯವರ ಬಗ್ಗೆ. ಜನ ಅವನ ಕಲ್ಲಿನ ಸುತ್ತ ನೆರೆದರು. ಸಂಜೆ ಜಗಲಿಗೆ ಬರುವವರು ಮೊದಲಿಗಿಂತ ಬೇಗ ಬಂದು ಕೂರತೊಡಗಿದರು, ಅಡುಗೆ ಆಗಿರದಿದ್ದರೂ ಸರಿ. ಗುಡ್ಡ ಹಿಂದೆಯೂ ಹೀಗೇ ಇತ್ತು, ಅದೇನೂ ಹೊಸದಾಗಿ ಕೆಟ್ಟಿರಲಿಲ್ಲ. ಬದಲಾದದ್ದು ಬಾಲ ಹಚ್ಚುವ ರೀತಿ. ನಮ್ಮವರು ಆಡಿದ ಮಾತು ಕೇಳಿದರೆ ‘ಏ, ಅಲ್ಲ ಅಂದಿರ್ತಾನ’ ಎಂದು ತಕ್ಷಣ ಬಾಲ ಹಚ್ಚುತ್ತಿದ್ದೆವು. ಅವರ ಕಡೆಯವರದಾದರೆ ಕೇಳಿದ್ದು ಕೇಳಿದ ಹಾಗೇ ಇರಲಿ ಎಂದು ಬಿಡುತ್ತಿದ್ದೆವು. ಅವರೂ ಹಾಗೇ ಮಾಡುತ್ತಿದ್ದರು. ನಾವು ಮಂಗಳವಾರದವರು, ಅವರು ಗುರುವಾರದವರು ಎಂಬ ಹೆಸರೂ ಆಗ ಬಂತು. ನನ್ನ ಅಂಗಡಿಯಲ್ಲಿ ಹೊಲಿದ ಬಟ್ಟೆ ತೂಗುಹಾಕಲು ಎರಡು ಹಗ್ಗ ಕಟ್ಟಬೇಕಾಯಿತು, ಅವರ ಅಂಗಿಗೆ ತಮ್ಮ ಅಂಗಿ ತಾಗುವುದು ಯಾರಿಗೂ ಬೇಡವಾಗಿತ್ತು.

ಬೇವಿನ ಮರದ ಕೆಳಗೆ ಮಾತ್ರ ಇದು ಬಂದಿರಲಿಲ್ಲ. ಅಕ್ಕ ಮತ್ತು ರುದ್ರವ್ವ ಎಂದಿನಂತೆ ಒಂದೇ ಹಲಗೆಯ ಮೇಲೆ ಕೂತು ಮೆಣಸಿನಕಾಯಿ ಸೀಳುತ್ತಿದ್ದರು. “ಹಾಳಾಗಿ ಹೋಗ್ಲಿ ಇವರ ವಾರ,” ಎಂದು ಅಕ್ಕ ಬೈಯುತ್ತಿದ್ದಳು. ರುದ್ರವ್ವ, “ಮೆಲ್ಲಕ ಅನ್ನು,” ಎಂದು ಗುಡ್ಡದ ಕಡೆ ಕಣ್ಣು ತೋರಿಸುತ್ತಿದ್ದಳು.

ಬೇಸಿಗೆಯಲ್ಲಿ ನೇಕಾರರ ಓಣಿಯ ಕೆಲವರಿಗೆ ಹೊಟ್ಟೆ ಕೆಟ್ಟಿತು. ಬೇಸಿಗೆಯಲ್ಲಿ ಹೊಟ್ಟೆ ಕೆಡುವುದು ನಮ್ಮೂರಿಗೆ ಹೊಸದಲ್ಲ, ಬಾವಿ ತಳ ಕಂಡಾಗಲೆಲ್ಲ ಕೆಡುತ್ತದೆ. ಆದರೆ ಅವರಲ್ಲಿ ಒಬ್ಬಿಬ್ಬರು ಹಿಂದಿನ ದಿನ ಮಿರ್ಚಿ ತಿಂದಿದ್ದರಂತೆ. ಆ ಬೆಳಿಗ್ಗೆ ರುದ್ರವ್ವ ಹಿಟ್ಟು ಬೀಸಿಸಲು ಗಿರಣಿಗೆ ಹೋಗಿದ್ದಳು. ಗಾಡಿಯಲ್ಲಿ ಅಕ್ಕ ಒಬ್ಬಳೇ. ತೋಟಪ್ಪ ಜನರನ್ನು ಹಿಂದಿಟ್ಟುಕೊಂಡು ಬಂದ.

“ಚಂದ್ರವ್ವಾ, ರುದ್ರವ್ವ ಹಳೇ ಎಣ್ಣ್ಯಾಗ ಕರೀತಾಳೇನು?”

ಅಕ್ಕ ಒಲೆಯ ಮುಂದಿನಿಂದ ಎದ್ದಳು. ಮುಖ ಕೆಂಪಾಗಿತ್ತು. ಸೌಟು ಕೈಯಲ್ಲೇ ಇತ್ತು. ಅವಳು ಬಾಯಿ ತೆರೆದ ರೀತಿಯಲ್ಲೇ ನನಗೆ ಅಂದಾಜಾಯಿತು. “ಅಕ್ಕಾ, ಅಲ್ಲ ಅಂಬೂದನ್ನ ಮುಂದ ಹಾಕು!” ಎಂದು ಮಿಷನ್ನು ಬಿಟ್ಟು ಕೂಗುತ್ತಾ ಓಡಿದೆ. ಅವಳಿಗೆ ಅದು ಕೇಳಲಿಲ್ಲ.

“ನಮ್ಮ ರುದ್ರಿ ಹಳೇ ಎಣ್ಣ್ಯಾಗ ಕರಿಯಾಕಿ ಅಲ್ಲ!” ಎಂದಳು. ಚೌಕದ ಆ ತುದಿಯಲ್ಲಿ ಕೂತಿದ್ದ ಪಾರಿವಾಳಗಳು ಹಾರಿಹೋದವು. ತೋಟಪ್ಪ ತಲೆಯಾಡಿಸಿ ಹೊರಟುಹೋದ. ಅವನಿಗೆ ಬೇಕಾದದ್ದು ಸಿಕ್ಕಿತ್ತು.

ಸಂಜೆ ಅಕ್ಕ ರೊಟ್ಟಿ ಬಡಿಯುತ್ತಾ ಕೂತಿದ್ದಾಗ ಅವಳ ದನಿಯೇ ಬಾಗಿಲಿನಿಂದ ಒಳಗೆ ಬಂತು. “ನಮ್ಮ ರುದ್ರಿ ಹಳೇ ಎಣ್ಣ್ಯಾಗ ಕರಿಯಾಕಿ!”

ಜಗಲಿಯಲ್ಲಿ ಕೂತಿದ್ದ ಮಲ್ಲೇಶಿ ಮಾವ ಒಳಗೆ ಹೊರಳಿ ನೋಡಿದ. ಅವನ ಮುಖದಲ್ಲಿ ಬೇಸರ ಇರಲಿಲ್ಲ. ಹೆಂಡತಿಯ ಮೇಲೆ ಹೊಸದಾಗಿ ಅಭಿಮಾನ ಬಂದವನಂತೆ ಕಂಡ. “ಅಂತೂ ಬಾಯಿ ಬಿಟ್ಟೆಲ್ಲ,” ಎಂದ.

“ನಾ ಅಲ್ಲ ಅಂದೀನಿ,” ಎಂದಳು ಅಕ್ಕ. “ಗುಡ್ಡ ತಿಂದೈತಿ.”

“ಗೊತ್ತು ಬಿಡು,” ಎಂದು ಮಾವ ಕಣ್ಣು ಮಿಟುಕಿಸಿದ.

ಅಕ್ಕಪಕ್ಕದ ಹೆಂಗಸರು ಬಂದು ಹೊಸ್ತಿಲಲ್ಲಿ ಕೂತರು. ಅದುವರೆಗೆ ಅವಳನ್ನು ಗುರುವಾರದವಳ ಗೆಳತಿ ಎಂದು ದೂರ ಇಟ್ಟಿದ್ದವರು ಆ ಸಂಜೆ ಅವಳ ಕೈ ಹಿಡಿದು ಮಾತಾಡಿದರು. ಒಬ್ಬಳು ಬಟ್ಟಲು ತುಂಬ ಹೆಸರುಬೇಳೆ ಪಾಯಸ ತಂದಿದ್ದಳು. ಅಕ್ಕ ಏನೂ ಅನ್ನದೆ ರೊಟ್ಟಿ ಬೇಯಿಸಿದಳು. ಎರಡು ರೊಟ್ಟಿ ಸೀದುಹೋದವು.

ಬೆಳಿಗ್ಗೆ ರುದ್ರವ್ವ ಬಂದು ತನ್ನ ಬಾಣಲೆ, ಜಾಲರಿ ಸೌಟು ಎತ್ತಿಕೊಂಡಳು.

“ರುದ್ರೀ, ನಿನಗ ಗುಡ್ಡ ಗೊತ್ತಿಲ್ಲೇನು?” ಎಂದಳು ಅಕ್ಕ. “ನಾ ಅಲ್ಲ ಅಂದಿದ್ದೆ.”

“ನಿನಗೂ ಗುಡ್ಡ ಗೊತ್ತಿತ್ತಲ್ಲ,” ಎಂದಳು ರುದ್ರವ್ವ. “ಹುಟ್ಟಿದಾಗಿನಿಂದ ಇದ ಊರಾಗ ಇದ್ದೀ. ಅಷ್ಟು ದೊಡ್ಡ ದನಿ ಮಾಡಿ, ಅಲ್ಲ ಅಂಬೂದನ್ನ ಕೊನಿಗೆ ಇಡಬೇಕಾಗಿತ್ತೇನು?”

“ಸಿಟ್ಟಿನ್ಯಾಗ ಯಾರಿಗೆ ನೆನಪಿರ್ತದ? ನಿನ್ನ ಸಲುವಾಗಿ ಅಲ್ಲೇನು ನನಗ ಸಿಟ್ಟು ಬಂದದ್ದು?”

ರುದ್ರವ್ವ ಬಾಣಲೆಯನ್ನು ತಲೆಯ ಮೇಲಿಟ್ಟುಕೊಂಡು ಹೊರಟಳು. ಅಷ್ಟರಲ್ಲಿ ಸುತ್ತ ಜನ ಸೇರಿದ್ದರು. ಹೋಗುತ್ತಿದ್ದ ಅವಳ ಬೆನ್ನಿಗೆ ಅಕ್ಕ ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದಳು, “ಆ ಮಾತು ನಂದಲ್ಲ!”

ಸಂಜೆ ಗುಡ್ಡ ಹೇಳಿತು: “ಆ ಮಾತು ನಂದು!”

ಆಮೇಲೆ ಅಕ್ಕ ಚೌಕದಲ್ಲಿ ಮಾತಾಡುವುದನ್ನೇ ಬಿಟ್ಟಳು. ಗಿರಾಕಿಗಳಿಗೆ ಕೈಸನ್ನೆ ಮಾಡುತ್ತಿದ್ದಳು. ಊರು ಎರಡು ಸಂತೆ ಮಾಡಿತು. ಮಂಗಳವಾರ ಸೀರೆ ಇರುತ್ತಿತ್ತು, ಉಳ್ಳಾಗಡ್ಡಿ ಇರುತ್ತಿರಲಿಲ್ಲ. ಗುರುವಾರ ಉಳ್ಳಾಗಡ್ಡಿ ಇರುತ್ತಿತ್ತು, ಸೀರೆ ಇರುತ್ತಿರಲಿಲ್ಲ. ಎರಡಕ್ಕೂ ಹೊರಗಿನ ಜನ ಬರುವುದು ಕಡಿಮೆಯಾಯಿತು. ಅದು ಅವರಿಂದ ಎಂದು ನಾವು ನಂಬಿದೆವು, ನಮ್ಮಿಂದ ಎಂದು ಅವರು ನಂಬಿದರು. ರುದ್ರವ್ವ ಚೌಕದ ಆಚೆ ಬದಿಯಲ್ಲಿ, ಹಳೆಯ ಚಾವಡಿಯ ಗೋಡೆಗೆ ಒತ್ತಿ, ಗುರುವಾರ ಮಾತ್ರ ಮಿರ್ಚಿ ಹಾಕತೊಡಗಿದಳು. ಅಕ್ಕನ ಮಂಡಕ್ಕಿಗೆ ಜೊತೆ ಇಲ್ಲದಂತಾಯಿತು. ಬಂದವರು ತಿಂದು, ಏನೋ ಕಡಿಮೆ ಇದೆ ಅನ್ನುವಂತೆ ಸುತ್ತ ನೋಡಿ, ಕೈ ಒರೆಸಿಕೊಂಡು ಹೋಗುತ್ತಿದ್ದರು.

ಒಂದು ಗುರುವಾರ ನಾನು ಅಂಗಡಿಯಲ್ಲಿ ಕೂತು ಸುಮ್ಮನೆ ಆ ಕಡೆ ನೋಡುತ್ತಿದ್ದೆ. ನೋಡುತ್ತಾ ಒಂದು ವಿಷಯ ತಿಳಿಯಿತು. ಸಂಜೆ ಅಕ್ಕನ ಮನೆಗೆ ಹೋಗಿ ಅದನ್ನು ಹೇಳಿದೆ.

“ಅಕ್ಕಾ, ರುದ್ರವ್ವನ ಕಡೆ ಯಾರೂ ತಿನ್ನಾಕತ್ತಿಲ್ಲ.”

“ನಮ್ಮ ಮಂದಿ ಯಾಕ ಅಲ್ಲಿ ಹೋಗ್ತಾರ?” ಎಂದಳು.

“ನಮ್ಮ ಮಂದಿ ಅಲ್ಲ. ಅವಳ ಮಂದೀನೂ ತಿನ್ನೂದಿಲ್ಲ. ನಿಂತು ನಿನಗ ಬೈತಾರ, ಅವಳಿಗೆ ಎಂಥಾ ಅನ್ಯಾಯ ಆತು ಅಂತಾರ. ಆಮೇಲೆ ಮಿರ್ಚಿ ಮುಟ್ಟದಂಗ ಮುಂದ ಹೋಗ್ತಾರ. ಕರಿದದ್ದನ್ನ ಬುಟ್ಟ್ಯಾಗ ಹಾಕ್ಕೊಂಡು ತಿರುಗಿ ಒಯ್ದಳು.”

ಮಾವ ಒಳಗೆ ಮಗ್ಗದ ಮುಂದೆ ಕೂತಿದ್ದ, ಲಾಳಿ ಓಡುವ ಸದ್ದು ನಿಂತಿತ್ತು, ಅಂದರೆ ಅವನೂ ಕೇಳಿಸಿಕೊಳ್ಳುತ್ತಿದ್ದ. “ನನಗ ಬೈದ್ರ ಬೈಲಿ,” ಎಂದಳು ಅಕ್ಕ. “ತಿನ್ನಬೇಕಿತ್ತು.”

ಮುಂದಿನ ಗುರುವಾರ ಮಧ್ಯಾಹ್ನ ಅವಳು ತೊಳೆದ ಸೀರೆ ಉಟ್ಟು ಚೌಕಕ್ಕೆ ಬಂದಳು. ಮಂಗಳವಾರದವರಲ್ಲಿ ಯಾರೂ ಗುರುವಾರದ ಸಂತೆಗೆ ಕಾಲಿಡುತ್ತಿರಲಿಲ್ಲ. ಅಕ್ಕ ಉಳ್ಳಾಗಡ್ಡಿ ರಾಶಿಗಳ ನಡುವೆ ನೇರ ನಡೆದು ಹೋದಳು. ಮಾತುಗಳು ಒಂದೊಂದಾಗಿ ನಿಂತವು. ನಾನು ಕತ್ತರಿ ಕೆಳಗಿಟ್ಟು ಹಿಂದೆ ಹೋದೆ, ಏನಾದರೂ ಆದರೆ ಎಂಬ ಭಯ. ರುದ್ರವ್ವನ ಮುಂದಿನ ಕಲ್ಲಿನ ಮೇಲೆ ಅಕ್ಕ ಕೂತಳು. ತನ್ನ ಮನೆಯಿಂದ ತಂದಿದ್ದ ತಟ್ಟೆಯನ್ನು ಮುಂದೆ ಚಾಚಿದಳು.

ರುದ್ರವ್ವ ಅವಳ ಮುಖ ನೋಡಲಿಲ್ಲ. ಯಾರೋ ಗೊತ್ತಿಲ್ಲದ ಗಿರಾಕಿಗೆ ಕೊಡುವಂತೆ ಒಂದು ಮಿರ್ಚಿ ಹಾಕಿದಳು. ಅಕ್ಕ ತಿಂದಳು. ಬಿಸಿ ಇತ್ತು, ಬಾಯಲ್ಲಿ ಆ ಕಡೆ ಈ ಕಡೆ ಹೊರಳಿಸಿ, ಕಣ್ಣಲ್ಲಿ ನೀರು ಬಂದರೂ ಬಿಡದೆ, ತೊಟ್ಟಿನ ತನಕ ತಿಂದಳು.

ಇಂಥ ಹೊತ್ತನ್ನು ತೋಟಪ್ಪ ಬಿಡುತ್ತಾನೆಯೆ? ಚೌಕದ ನಡುವಿನ ತನ್ನ ಕಲ್ಲಿನ ಮೇಲೆ ನಿಂತೇ ಕೂಗಿದ, “ಚಂದ್ರವ್ವಾ, ಎಣ್ಣಿ ಹಳೇದೈತೇನು?”

ನಾನು ಮನಸ್ಸಿನಲ್ಲೇ ಉತ್ತರಗಳನ್ನು ಜೋಡಿಸಿ ನೋಡಿದೆ. ಹಳೇದಲ್ಲ ಅಂದರೆ ಹಳೇದು ಆಗುತ್ತದೆ. ತಪ್ಪಿಲ್ಲ ಅಂದರೆ ತಪ್ಪು ಆಗುತ್ತದೆ. ಅಲ್ಲವನ್ನು ಮುಂದೆ ಹಾಕಿದರೂ ಈಗ ಅದನ್ನು ನಂಬುವವರಿರಲಿಲ್ಲ. ಏನೂ ಅನ್ನದಿದ್ದರೆ ತೋಟಪ್ಪನ ಪ್ರಶ್ನೆಯೇ ಉತ್ತರವಾಗುತ್ತದೆ. ರುದ್ರವ್ವನ ಸೌಟು ಎಣ್ಣೆಯ ಮೇಲೆ ನಿಂತುಬಿಟ್ಟಿತ್ತು. ಅಕ್ಕ ತೋಟಪ್ಪನ ಕಡೆ ತಿರುಗಲೇ ಇಲ್ಲ. ಅವಳೇನೂ ಯೋಚಿಸಿದ ಹಾಗೆ ನನಗೆ ಕಾಣಲಿಲ್ಲ. ಹಸಿವಾಗಿತ್ತೋ ಏನೋ. ತಟ್ಟೆಯನ್ನು ಮತ್ತೆ ಚಾಚಿ, ವಾರಗಟ್ಟಲೆ ಒಳಗಿಟ್ಟುಕೊಂಡಿದ್ದ ಆ ದೊಡ್ಡ ದನಿಯಲ್ಲಿ, “ಇನ್ನೊಂದು ಹಾಕು!” ಎಂದಳು.

ಆ ಸಂಜೆ ಊರಿನ ಎಲ್ಲ ಜಗಲಿಗಳೂ ತುಂಬಿದ್ದವು. ಮೊದಲು ತೋಟಪ್ಪನ ದನಿ ಬಂತು: “ಚಂದ್ರವ್ವಾ, ಎಣ್ಣಿ ಹಳೇದೈತಿ.” ಅದರ ಬೆನ್ನಿಗೇ ಅಕ್ಕನದು: “ಇನ್ನೊಂದು!”

ನಮ್ಮ ಓಣಿಯಲ್ಲಿ ಯಾರೋ ಕಿಸಕ್ಕೆಂದರು. ಆಚೆ ಓಣಿಯಿಂದಲೂ ನಗು ಕೇಳಿತು. ಎರಡೂ ಓಣಿಯ ನಗು ಒಂದೇ ಹೊತ್ತಿಗೆ ಕೇಳಿ ಎಷ್ಟು ದಿನವಾಗಿತ್ತೋ. ಮಲ್ಲೇಶಿ ಮಾವ ನಗಲಿಲ್ಲ. ಎದ್ದು ಒಳಗೆ ಹೋದ, ಅವತ್ತು ಅಕ್ಕ ಬಡಿಸಿದ್ದನ್ನು ಮಾತಿಲ್ಲದೆ ಉಂಡ. ಮುಂದೆ ಕೆಲವು ದಿನ ಹಾಗೇ ಉಂಡ. ಪಾಯಸ ತಂದಿದ್ದವಳು ಬಟ್ಟಲು ವಾಪಸ್ ಕೇಳಲು ಮಗಳನ್ನು ಕಳಿಸಿದಳು.

ಆದರೆ ಮುಂದಿನ ಗುರುವಾರ ರುದ್ರವ್ವನ ಮುಂದೆ ತಿನ್ನುವವರಿದ್ದರು. ಅಕ್ಕನೂ ಹೋದಳು. ಅದರ ಮುಂದಿನ ವಾರವೂ ಹೋದಳು. ಸಂತೆ ಒಂದಾಗಲಿಲ್ಲ, ಈಗಲೂ ಎರಡೇ. ತೋಟಪ್ಪ ಈಗಲೂ ಕೇಳುತ್ತಾನೆ, ಅವನ ಕಲ್ಲಿನ ಪಕ್ಕದಲ್ಲಿ ಇನ್ನೊಬ್ಬನೂ ನಿಂತು ಕೇಳುತ್ತಾನೆ. ಅವರ ನಡುವೆ ಯಾರ ಪ್ರಶ್ನೆಯನ್ನು ಗುಡ್ಡ ಎತ್ತಿಕೊಂಡಿತು ಎಂಬ ಪೈಪೋಟಿ ಇದೆ. ನನ್ನ ಅಂಗಡಿಯಲ್ಲಿ ಹಗ್ಗಗಳೂ ಎರಡೇ ಇವೆ.

ಮಳೆಗಾಲ ಶುರುವಾಗುವ ಮೊದಲಿನ ಒಂದು ಗುರುವಾರ, ಸಂತೆ ತೆಳ್ಳಗಾದ ಹೊತ್ತಿನಲ್ಲಿ, ನಾನೂ ಅಕ್ಕನ ಜೊತೆ ಅಲ್ಲಿ ಕೂತು ತಿನ್ನುತ್ತಿದ್ದೆ. ಅಲ್ಲಿಯತನಕ ಅವರಿಬ್ಬರೂ ಹಾಕು, ಸಾಕು ಎಂಬುದನ್ನು ಬಿಟ್ಟು ಬೇರೆ ಮಾತಾಡಿರಲಿಲ್ಲ. ಅವತ್ತು ಅಕ್ಕ ದನಿ ತಗ್ಗಿಸಿ, ಗುಡ್ಡಕ್ಕಿರಲಿ, ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸದ ಹಾಗೆ ಕೇಳಿದಳು.

“ಮಂದಿ ಮಾತು ಬಿಡು ರುದ್ರಿ. ನೀ ಯಾಕ ನನಗ ಒಂದು ಅಲ್ಲ ಹಚ್ಚಲಿಲ್ಲ?”

ರುದ್ರವ್ವ ಬಾಣಲೆಯಲ್ಲಿದ್ದವನ್ನು ಹೊರಳಿಸಿದಳು.

“ಹಚ್ಚಿದ್ದೆ,” ಎಂದಳು. “ಕೇಳಿದ ಕೂಡಲೇ ಹಚ್ಚಿದ್ದೆ, ಚಂದ್ರಿ. ಬಾಯಿತನಕ ಬಂದಿತ್ತು. ಆದರ ಅವತ್ತು ಜಗಲಿ ತುಂಬ ಮಂದಿ. ಮೈದುನ, ನೆಗೆಣ್ಣಿ, ಓಣಿಯವರು, ಎಲ್ಲಾರೂ ನನ್ನ ಮಾರಿ ನೋಡಾಕತ್ತಿದ್ರು, ನಾ ಏನಂತೀನಿ ಅಂತ. ನುಂಗಿಬಿಟ್ಟೆ.”

ಅಕ್ಕ ತಟ್ಟೆ ಕೆಳಗಿಟ್ಟಳು. “ನಮ್ಮ ಮನ್ಯಾಗೂ ಹಂಗ ಆತು,” ಎಂದಳು. “ಅಲ್ಲ ಅಂದೀನಿ ಅಂತ ಒಮ್ಮೆ ಹೇಳಿದೆ. ಎರಡನೇ ಸಲ ಹೇಳಬೇಕು ಅನ್ನೂದರಾಗ ಕೈಯಾಗ ಪಾಯಸ ಕೊಟ್ಟರು.”

ರುದ್ರವ್ವ ಕರಿದವನ್ನು ಎತ್ತಿ ಎಣ್ಣೆ ಸೋರಲು ಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು, ಬೆವರೋ ಏನೋ. ಆಮೇಲೆ ಕೂತಿದ್ದ ಹಲಗೆಯ ಮೇಲೆ ಒಂದಿಷ್ಟು ಆಚೆ ಸರಿದಳು. ಇನ್ನೊಬ್ಬರು ಕೂರುವಷ್ಟು ಜಾಗವಾಯಿತು. ಅಕ್ಕ ಎದ್ದು ಹೋಗಿ ಅಲ್ಲಿ ಕೂತು, ಮೆಣಸಿನಕಾಯಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಸೀಳತೊಡಗಿದಳು.